ಕಾಬಾಳೆಯ ಪಾತಿಗೆ ಕಾಲಿಡಬೇಡಿ

ಜೂನ್ 4

ಮಾನ್ಯರೆ,

ನಮಸ್ಕಾರ. ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನೀವು ಮಾರ್ಚ್‌ವರೆಗೆ ಇದ್ದ ಮನೆಗೆ ಕಳೆದ ವಾರ ಬಾಡಿಗೆಗೆ ಬಂದವಳು ನಾನು. ಹಿತ್ತಲ ಬಾಗಿಲಿಗೆ ನೀವು ಅಂಟಿಸಿ ಹೋದ ಚೀಟಿ ಇನ್ನೂ ಹಾಗೇ ಇದೆ. “ಕಾಬಾಳೆಗೆ ದಿನಾ ನೀರು ಹಾಕಿ. ಪಾತಿಯೊಳಗೆ ಕಾಲಿಡಬೇಡಿ. ಅಗೆಯಬೇಡಿ. ಕೇಳುವುದಿದ್ದರೆ ಬರೆಯಿರಿ” ಎಂದು ಬರೆದು ಕೆಳಗೆ ವಿಳಾಸ ಕೊಟ್ಟಿದ್ದೀರಿ. ಮೂರು ಸಲ ಓದಿದೆ. ಮಾಡಬೇಡ ಅಂದದ್ದರ ಮೇಲೇ ನನ್ನ ಕಣ್ಣು ಯಾವಾಗಲೂ. ಅದಕ್ಕೇ ಕೇಳಿಬಿಡೋಣ ಅಂತ ಕೂತೆ.

ಮೂರು ತಿಂಗಳು ಮನೆ ಖಾಲಿ ಬಿದ್ದಿತ್ತಂತೆ. ಒಂದು ಚೊಂಬು ನೀರನ್ನೂ ಯಾರೂ ಹಾಕಿಲ್ಲ. ಬೇರೆ ಗಿಡವಾಗಿದ್ದರೆ ಇಷ್ಟು ಹೊತ್ತಿಗೆ ಕಡ್ಡಿಯಾಗಿರುತ್ತಿತ್ತು. ನಿಮ್ಮ ಕಾಬಾಳೆ ಎಲೆಯ ಅಂಚನ್ನಷ್ಟೇ ಒಣಗಿಸಿಕೊಂಡು ನನ್ನ ಭುಜದೆತ್ತರ ನಿಂತಿದೆ, ಮೇಲೆ ಕೆಂಪು ಹೂ ಬೇರೆ. ಇಷ್ಟು ಗಟ್ಟಿ ಜೀವಕ್ಕೆ ಇಷ್ಟೊಂದು ಪಥ್ಯ ಯಾಕೆ ಅಂತ ನಗು ಬಂತು. ತಪ್ಪು ತಿಳಿಯಬೇಡಿ.

ನನ್ನ ಗಂಡ ಲಾರಿ ಓಡಿಸುತ್ತಾರೆ, ತಿಂಗಳಿಗೆ ಎಂಟು ದಿನ ಮನೆಯಲ್ಲಿದ್ದರೆ ಹೆಚ್ಚು. ನಾನು ಪ್ರೆಸ್‌ನಿಂದ ಅಚ್ಚಾದ ಹಾಳೆಗಳನ್ನು ಮನೆಗೆ ತಂದು, ಮಡಿಸಿ, ಪುಸ್ತಕ ಹೊಲಿಯುತ್ತೇನೆ. ಮನೆಯಲ್ಲಿ ನಾವಿಬ್ಬರೇ. ಮನೆ ಯಜಮಾನರು ಬಾಡಿಗೆಗೆ ಕೊಡುವಾಗ “ಚಿಕ್ಕ ಮಕ್ಕಳಿರಬಾರದು, ಈಗಲೇ ಹೇಳಿದ್ದೀನಿ” ಅಂತ ಎರಡೆರಡು ಸಲ ಹೇಳಿದರು. ಗೋಡೆ ಮೇಲೆ ಗೀಚುತ್ತಾರೆ ಅಂತ ಇರಬೇಕು.

ಎಷ್ಟು ನೀರು, ಯಾವಾಗ, ಇನ್ನೇನು ಆರೈಕೆ, ತಿಳಿಸಿ.

ಇಂತಿ,
ನಿಮ್ಮ ಮನೆಯ ಹೊಸಬಳು


ಜೂನ್ 10

ಹೊಸಬಳಿಗೆ,

ಪತ್ರ ಬರೆದದ್ದಕ್ಕೆ ಸಂತೋಷ. ಯಾರೂ ಬರೆಯಲಾರರು ಅಂದುಕೊಂಡಿದ್ದೆ.

ಬೆಳಿಗ್ಗೆ ಎರಡು ಬಿಂದಿಗೆ, ಸಂಜೆ ಎರಡು ಬಿಂದಿಗೆ. ಅಂಚಿನಲ್ಲಿ ನಿಂತೇ ಹಾಕಬೇಕು. ನೀರು ತಾನಾಗಿ ಒಳಗೆ ಹೋಗುತ್ತದೆ. ಹೂ ಮುಗಿದ ದಂಟನ್ನು ಬುಡದ ತನಕ ಕತ್ತರಿಸಿದರೆ ಪಕ್ಕದಿಂದ ಹೊಸ ಮೊಳಕೆ ಬರುತ್ತದೆ. ಅದನ್ನೂ ಕೈಗೆ ಸಿಕ್ಕುವಷ್ಟು ದೂರದಲ್ಲಿದ್ದರೆ ಮಾತ್ರ ಕತ್ತರಿಸಿ. ನಡುವಿನವು ಹಾಗೇ ಒಣಗಲಿ. ಎಲೆ ಸುರುಳಿಯಾದರೆ ಒಳಗೆ ಹುಳ ಇರುತ್ತದೆ, ಎಲೆಯನ್ನೇ ಚಿವುಟಿ ಎಸೆಯಿರಿ. ಗೊಬ್ಬರ ಬೇಕಿಲ್ಲ. ಬಿಸಿಲು ಬಿದ್ದರೆ ಸಾಕು.

ಪಾತಿಯೊಳಗೆ ಕಾಲಿಟ್ಟರೆ ಗೆಡ್ಡೆಗೆ ಪೆಟ್ಟಾಗಿ ಕೊಳೆಯುತ್ತದೆ. ಅದಕ್ಕೇ ಬೇಡ ಅಂದದ್ದು.

ನಾನು ಈಗ ತಮ್ಮನ ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿದ್ದೇನೆ. ಮಂಡಿ ನೋವು, ಒಬ್ಬಳೇ ಇರಲಾಗದೆ ಬಂದೆ. ರೈಲಿನಲ್ಲಿ ಎರಡು ದಿನದ ದಾರಿ, ಇನ್ನು ಆ ಕಡೆ ಬರುವ ಮಾತಿಲ್ಲ. ಕೂತು ಅಂಗಿಗಳಿಗೆ ಕಾಜಾ ಹೊಲಿಯುತ್ತೇನೆ. ಕಿಟಕಿಯಲ್ಲಿ ಒಂದು ಎಲೆಯೂ ಕಾಣುವುದಿಲ್ಲ, ಎದುರು ಮನೆಯ ನೀರಿನ ಕೊಳವೆ ಮಾತ್ರ.

ಯಜಮಾನರು ಮಕ್ಕಳ ವಿಷಯದಲ್ಲಿ ಹೇಳಿದ್ದು ಸರಿ. ಅದು ನಾನೇ ಅವರ ಹತ್ತಿರ ಮಾತು ತೆಗೆದುಕೊಂಡದ್ದು. ಮಕ್ಕಳು ಗಿಡ ಉಳಿಸುವುದಿಲ್ಲ.

ಇಂತಿ,
ಕಾಬಾಳೆಯವಳು


ಜೂನ್ 29

ಕಾಬಾಳೆ ಅಮ್ಮನವರಿಗೆ,

ಹೀಗೆ ಕರೆಯಬಹುದಲ್ಲವೇ? ಮಾನ್ಯರೆ ಅಂತ ಬರೆಯಲು ನನ್ನ ಪೆನ್ನಿಗೇ ನಾಚಿಕೆ.

ನೀವು ಹೇಳಿದಂತೆ ದಿನಾ ನಾಲ್ಕು ಬಿಂದಿಗೆ. ಎಷ್ಟು ಸುರಿದರೂ ಒಂದು ಹನಿ ಅಂಚಿಗೆ ಹರಿದು ಬರುವುದಿಲ್ಲ, ಎಲ್ಲ ಗಟಗಟ ಕುಡಿದುಬಿಡುತ್ತದೆ. ಇಂಥ ಬಾಯಾರಿಕೆ ನಾನು ಕಂಡಿಲ್ಲ ಮಾರಾಯ್ತಿ, ಅಂತ ದಿನಾ ಗಿಡಕ್ಕೆ ಹೇಳುತ್ತೇನೆ.

ಒಂದು ವಿಷಯ. ಪ್ರೆಸ್‌ನ ಅಂಗಳ ನೋಡಿಕೊಳ್ಳುವ ಮಾಲಿ ತಾತನಿಗೆ ನಿಮ್ಮ ಚೀಟಿಯ ಕಥೆ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು. “ಕಾಬಾಳೆ ಗೆಡ್ಡೆ ಎಮ್ಮೆ ತುಳಿದ್ರೂ ಕೊಳೆಯಲ್ಲಮ್ಮ. ಎರಡು ವರ್ಷಕ್ಕೊಂದ್ಸಲ ಅಗೆದು, ಬಿಡಿಸಿ, ದೂರ ದೂರ ನೆಡ್ಬೇಕು. ಇಲ್ದಿದ್ರೆ ಒಂದರ ಮೇಲೊಂದು ಹೆಣೆದ್ಕೊಂಡು ಚಾಪೆ ಆಗ್ಬಿಡುತ್ತೆ, ಹೂ ಸಣ್ಣದಾಗುತ್ತೆ” ಅಂದರು. ನಿಜ, ಹೂ ಸಣ್ಣದೇ. ಅವರ ಅಂಗಳದ್ದು ಅಂಗೈಯಷ್ಟಗಲ, ನಮ್ಮದು ಎರಡು ಬೆರಳು. ಒಂದು ಭಾನುವಾರ ಗುದ್ದಲಿ ತೆಗೆದುಕೊಂಡು ಅರ್ಧ ಬಿಡಿಸಿಬಿಡಲೇ? ತಾತ ಬಂದು ಸಹಾಯ ಮಾಡುತ್ತಾರೆ.

ಬೀಜದ ಕಾಯಿಗಳು ಒಡೆದಿವೆ. ಕರಿ ಬೀಜ, ಗುಂಡಗೆ, ಕಲ್ಲಿನಷ್ಟು ಗಟ್ಟಿ. ತವರದ ಡಬ್ಬಿಗೆ ತುಂಬಿ ಅಲ್ಲಾಡಿಸಿದರೆ ಮನೆಯೆಲ್ಲ ಗಿಲಗಿಲ. ಬೆಳಿಗ್ಗೆಯಿಂದ ಅದೇ ಸಂಗೀತ, ತಲೆ ಚಿಟ್ಟುಹಿಡಿದಿದೆ.

ಇಂತಿ,
ನಿಮ್ಮ ಹೊಸಬಳು


ಜುಲೈ 4

ಅಗೆಯಬೇಡ. ಅರ್ಧವೂ ಬೇಡ, ಕಾಲುಭಾಗವೂ ಬೇಡ. ಆ ಮಾಲಿಯನ್ನು ಹಿತ್ತಲಿಗೆ ಬಿಡಬೇಡ. ಹೂ ಸಣ್ಣದಾದರೆ ಆಗಲಿ. ಹೂವಿಗಾಗಿ ನಾನು ಅದನ್ನು ನೆಟ್ಟಿಲ್ಲ.

ಇನ್ನೊಂದು. ಬೀಜವನ್ನು ಡಬ್ಬಿಗೆ ತುಂಬಿ ಬೆಳಿಗ್ಗೆಯಿಂದ ಅಲ್ಲಾಡಿಸುವುದು ದೊಡ್ಡವರು ಮಾಡುವ ಕೆಲಸವಲ್ಲ. ಮನೆಯಲ್ಲಿ ಮಗು ಇದೆಯೇ? ಇದ್ದರೆ ಇದೆ ಎಂದು ಬರೆ. ನಾನು ಯಜಮಾನರಿಗೆ ತಿಳಿಸಬೇಕಾಗುತ್ತದೆ. ನಾಳೆಯೇ ಉತ್ತರ ಹಾಕು.


ಜುಲೈ 10

ಮಾನ್ಯರೆ,

ಮನೆಯಲ್ಲಿ ಮಕ್ಕಳಿಲ್ಲ. ಡಬ್ಬಿಗೆ ಬೀಜ ತುಂಬಿದ್ದು ನಾನೇ. ಒಬ್ಬಳೇ ಇರುವವಳಿಗೆ ಹುಚ್ಚು ಆಟಗಳಿರುತ್ತವೆ, ನಿಮಗೂ ಗೊತ್ತಿರಬೇಕು.

ನಿಮ್ಮ ಗಿಡವನ್ನು ಯಾರೂ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ನೀರು ಹಾಕುತ್ತಿದ್ದೇನೆ. ಹೆಚ್ಚಿಗೆ ಬರೆಯಲು ಏನೂ ಇಲ್ಲ.


ಆಗಸ್ಟ್ 2

ತಂಗಿ,

ಆ ಚಿಕ್ಕ ಪತ್ರದ ಮೇಲೆ ಎರಡು ವಾರಕ್ಕೂ ಹೆಚ್ಚು ಇನ್ನೊಂದಕ್ಕೆ ಕಾದೆ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಸೂಜಿ ಕೈಗೆ ಚುಚ್ಚುತ್ತದೆ. ನನ್ನ ಮಾತು ಒರಟಾಯಿತು, ಒಪ್ಪುತ್ತೇನೆ. “ಅಕ್ಕಾ, ನಿನ್ನ ಬಾಯಿಗೆ ಹೆದರಿ ಗಿರಾಕಿಗಳು ಅಂಗಿ ಬಿಟ್ಟು ಓಡ್ತಾರೆ” ಅನ್ನುತ್ತಾನೆ ನನ್ನ ತಮ್ಮ. ನೀನೂ ಓಡಿದೆಯೇನೋ ಅಂತ ಭಯವಾಯಿತು.

ಮಾಲಿ ಹೇಳಿದ್ದು ನಿಜ. ತುಳಿದರೆ ಗೆಡ್ಡೆ ಕೊಳೆಯುತ್ತದೆ ಅಂದದ್ದು ನನ್ನ ಸುಳ್ಳು. ಅಲ್ಲಿ ಹಿಂದೆ ಹಳೆಯ ಸಾಮಾನು, ಒಡೆದ ಗಾಜು, ಏನೇನೋ ಹಾಕಿ ಮುಚ್ಚಿದ್ದರು. ಅಗೆದರೆ ಕೈಕಾಲಿಗೆ ಗಾಯವಾಗುತ್ತದೆ. ಅಷ್ಟೇ ವಿಷಯ. ಮೊದಲೇ ಹೇಳಬಹುದಿತ್ತು.

ನೀನು ದಿನಾ ನೀರು ಹಾಕುತ್ತೀ ಅನ್ನುವುದೇ ನನಗೆ ದೊಡ್ಡದು. ಒಂಬತ್ತು ವರ್ಷ ನಾನೊಬ್ಬಳೇ ಹಾಕಿದ್ದೆ. ಎಲೆ ದಟ್ಟವಾಗಿದೆಯೇ? ನೆಲ ಕಾಣದಷ್ಟು ದಟ್ಟವಾಗಿದ್ದರೆ ಒಳ್ಳೆಯದು.

ಸಿಟ್ಟು ಬಿಟ್ಟು ಒಂದು ಸಾಲು ಬರೆ.

ನಿನ್ನ ಅಕ್ಕ ಅಂತಲೇ ತಿಳಿ


ಆಗಸ್ಟ್ 24

ಅಕ್ಕಾ,

ನಿಮ್ಮ ಪತ್ರ ಓದಿ ಅಳು ಬಂತು. ಸುಳ್ಳು ಹೇಳಿದ್ದು ನೀವೊಬ್ಬರೇ ಅಲ್ಲ. ನೀವು ನಿಮ್ಮದನ್ನು ಒಪ್ಪಿಕೊಂಡ ಮೇಲೆ ನಾನು ಮುಚ್ಚಿಟ್ಟರೆ ನನಗೆ ಊಟ ಸೇರದು. ಎರಡು ವಾರ ಧೈರ್ಯ ಕೂಡಿಸಿ ಬರೆಯುತ್ತಿದ್ದೇನೆ. ಯಜಮಾನರಿಗೆ ಹೇಳಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ನನಗೆ ಮಗಳಿದ್ದಾಳೆ. ನಾಲ್ಕು ವರ್ಷ. ಗುಬ್ಬಿ ಅಂತ ಕರೆಯುತ್ತೇವೆ, ತೂಕವೂ ಅಷ್ಟೇ. ಮಗು ಇದೆ ಅಂದರೆ ಈ ಮನೆ ಸಿಗುತ್ತಿರಲಿಲ್ಲ. ಮನೆ ಹುಡುಕಿ ಹುಡುಕಿ ಸಾಕಾಗಿತ್ತು, ಆ ಕ್ಷಣಕ್ಕೆ ಇಲ್ಲ ಅಂದುಬಿಟ್ಟೆ. ಆಮೇಲೆ ಆ ‘ಇಲ್ಲ’ವನ್ನು ಸಾಕುವುದೇ ಒಂದು ಕೆಲಸವಾಯಿತು.

ಹೇಗೆ ಸಾಕಿದೆವು ಕೇಳಿ, ನಗುತ್ತೀರಿ. ಯಜಮಾನರು ಬರುವುದು ತಿಂಗಳ ಒಂದನೇ ತಾರೀಕು. ನಮ್ಮ ಗೇಟು ಹೇಗೆ ಕಿರುಗುಡುತ್ತದೆ ನಿಮಗೆ ಗೊತ್ತಲ್ಲ. ಗೇಟಿನ ಸದ್ದು ಕೇಳಿದ ತಕ್ಷಣ ಗುಬ್ಬಿ ಹಿತ್ತಲಿಗೆ ಓಡಿ ನಿಮ್ಮ ಕಾಬಾಳೆಯ ನಡುವೆ ಹೋಗಿ ಕೂರಬೇಕು, ಉಸಿರೆತ್ತಬಾರದು. ನಾನು ಬಂದು “ಗುಬ್ಬಿ ಗುಬ್ಬಿ, ಗೂಡು ಬಿಡು” ಅಂದ ಮೇಲಷ್ಟೇ ಹೊರಗೆ ಬರಬೇಕು. ಅದೇ ಆಟ. ಎಷ್ಟು ಜಾಣೆ ಅಂದರೆ, ಹೋದ ತಿಂಗಳು ಯಜಮಾನರು ಅರ್ಧ ಗಂಟೆ ಕೂತು ಮಾತಾಡಿದರೂ ಮಿಸುಕಲಿಲ್ಲ. ಎಲೆ ದಟ್ಟವಾಗಿದೆಯೇ ಅಂತ ಕೇಳಿದಿರಲ್ಲ, ಆನೆಮರಿ ಕೂತರೂ ಕಾಣುವುದಿಲ್ಲ. ಈಗ ಹಾಲಿನವನು ಬಂದರೂ, ಯಾರು ಬಂದರೂ ಓಟ ಅಲ್ಲಿಗೇ. ಗಾಜು ಇದೆ ಅಂತ ನೀವು ಬರೆದ ಮೇಲೆ ಚಪ್ಪಲಿ ಹಾಕಿಕೊಂಡೇ ಹೋಗು ಅಂದಿದ್ದೇನೆ.

ಅಲ್ಲಿ ನೆಲದಲ್ಲಿ ಸಣ್ಣ ಬಿಲವಿದೆಯಂತೆ. ಕಾಬಾಳೆ ಬೀಜ ಹಾಕಿದರೆ “ಆಮೇಲೆ, ತುಂಬಾ ಆಮೇಲೆ, ಟುಳುಕ್ ಅನ್ನುತ್ತೆ ಅಮ್ಮ” ಅಂತಾಳೆ. ಒಳಗೆ ಕಪ್ಪೆ ಇದೆ, ಬೀಜ ನುಂಗುತ್ತೆ ಅಂತ ಅವಳ ಲೆಕ್ಕ. ಕೂಡಿಟ್ಟ ಡಬ್ಬಿಯ ಬೀಜವೆಲ್ಲ ಕಪ್ಪೆಗೇ ಉಣಿಸಿ ಮುಗಿಸಿದಳು.

ಇನ್ನೊಂದು ಕಳ್ಳತನವೂ ಇದೆ. ನಿಮ್ಮ ಕಿಟಕಿಯಲ್ಲಿ ಒಂದು ಎಲೆಯೂ ಇಲ್ಲ ಅಂದಿದ್ದಿರಿ. ಮಾತು ಮೀರಿ, ಅಂಚಿನಿಂದ ಎರಡಡಿ ಒಳಗೆ, ಒಂದೇ ಒಂದು ತುಂಡು ಗೆಡ್ಡೆ ಕತ್ತರಿಸಿ ತೆಗೆದೆ. ನಿಮಗೆ ಪಾರ್ಸೆಲ್ ಮಾಡುತ್ತಿದ್ದೇನೆ. ಅಬ್ಬಾ, ಏನು ಹೆಣಿಗೆ ಅಕ್ಕಾ! ಕುಡುಗೋಲು ಮೊಂಡಾಯಿತು. ಗೆಡ್ಡೆಯ ಕೆಳಗೆ ಕಬ್ಬಿಣದ ಬಳೆ ಸಿಕ್ಕಿತು, ಬಾಗಿಲ ಹಿಡಿಕೆಯಂತೆ. ಎಳೆದರೆ ಕೈಗೇ ಬಂತು, ಹಿಂದೆ ಒದ್ದೆ ಬಿಸ್ಕತ್ತಿನಂಥ ಮರ. ಹೂವಿನ ಪಾತಿಗೆ ಬಾಗಿಲು ಇಟ್ಟ ಪುಣ್ಯಾತ್ಮರು ಯಾರಪ್ಪಾ ಅಂತ ಒಬ್ಬಳೇ ನಕ್ಕೆ.

ಮನಸ್ಸು ಹಗುರವಾಯಿತು.

ನಿಮ್ಮ ತಂಗಿ


ಆಗಸ್ಟ್ 29
(ತಂತಿ)

ಪಾತಿಯ ಕೆಳಗೆ ಬಾವಿ ಇದೆ. ಮಗುವನ್ನು ಅಲ್ಲಿಗೆ ಬಿಡಬೇಡ. ಪತ್ರ ಬರುತ್ತದೆ. ಅಕ್ಕ.


ಆಗಸ್ಟ್ 29

ತಂಗಿ,

ತಂತಿ ಕಳಿಸಿ ಬಂದು ಕೂತಿದ್ದೇನೆ. ಆತುರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ. ನಿನ್ನ ಪತ್ರವನ್ನು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಓದಿದೆ. ಟುಳುಕ್ ಅನ್ನುವಲ್ಲಿಗೆ ಬಂದಾಗ ಉಳಿದದ್ದನ್ನು ದಾರಿಯಲ್ಲೇ ಓದುತ್ತಾ ಅಂಚೆ ಕಚೇರಿಗೆ ಹೊರಟೆ.

ಅದು ಬಾವಿ. ಗಾಜೂ ಇಲ್ಲ, ಸಾಮಾನೂ ಇಲ್ಲ. ನಲ್ಲಿ ಬರುವ ಮೊದಲು ಆ ಮನೆಗೆ ಅದೇ ನೀರು. ಮೇಲೆ ಹಲಗೆಯ ಮುಚ್ಚಳವಿತ್ತು. ನನ್ನ ಮಗ ಅದರಲ್ಲಿ ಹೋದ. ಅವನಿಗೆ ಐದು ವರ್ಷ ತುಂಬಿತ್ತು.

ಅವನನ್ನು ಮೇಲೆ ತಂದರು. ಮಣ್ಣಾದ ಮೂರನೆಯ ದಿನ ಯಜಮಾನರು ಕಲ್ಲು ಮಣ್ಣು ತಂದು ಬಾವಿ ತುಂಬಿಸಲು ಬಂದರು. ನಾನು ಬಾವಿಕಟ್ಟೆ ಹಿಡಿದುಕೊಂಡು ಬಿಡಲಿಲ್ಲ. ಮಗು ಅಲ್ಲಿಲ್ಲ ಅಂತ ತಲೆಗೆ ಗೊತ್ತು. ಆದರೂ ಮೇಲಿನಿಂದ ಕಲ್ಲು ಎಸೆಯುವುದನ್ನು ನೋಡಲಾರೆ ಅಂತ ಕಿರುಚಿದೆ. ಕೊನೆಗೆ ಅವರು ಕಟ್ಟೆ ಒಡೆಸಿ, ಎರಡು ತೊಲೆ ಇಟ್ಟು, ಅದರ ಮೇಲೆ ಹಿತ್ತಲ ಹಳೆಯ ಬಾಗಿಲನ್ನು ಮಲಗಿಸಿ, ಒಂದೂವರೆ ಅಡಿ ಮಣ್ಣು ಹರಡಿಸಿದರು. ಯಾರ ಕಾಲೂ ಅಲ್ಲಿ ಬೀಳಬಾರದು ಅಂತ ನಾನು ಕಾಬಾಳೆ ನೆಟ್ಟೆ. ಬೇಗ ಹಬ್ಬುತ್ತದೆ, ಸಾಯುವುದಿಲ್ಲ, ನಡುವೆ ಜಾಗ ಬಿಡುವುದಿಲ್ಲ. ಅದಕ್ಕಾಗಿ ನೆಟ್ಟೆ. ನಿನ್ನ ಮಗಳಿಗೆ ಅದು ಅಡಗುವ ಮನೆಯಾಗುತ್ತದೆ ಅಂತ ನಾನು ಯಾವ ಜನ್ಮದಲ್ಲಿ ಊಹಿಸಲಿ?

ತಂತಿ ಕಳಿಸಿ ಬರುವಾಗ ಕೆಳಗಿನ ಬೀದಿಯ ಬಡಗಿಯ ಹತ್ತಿರ ನಿಂತೆ. “ಮಣ್ಣಿನ ಕೆಳಗಿಟ್ಟ ಬಾಗಿಲು ಎಷ್ಟು ವರ್ಷ ಬಾಳುತ್ತೆ?” ಅಂತ ಕೇಳಿದೆ. ಅವನು ಹಲಗೆಗೆ ಉಜ್ಜುಗೊರಡು ಹಾಕುತ್ತಲೇ ಹೇಳಿದ: “ಒಣಗಿದ್ರೆ ಇಪ್ಪತ್ತು ವರ್ಷಾನೂ ಇರುತ್ತಮ್ಮ. ದಿನಾ ನೀರು ಬಿದ್ರೆ ಐದಾರು ವರ್ಷದಲ್ಲಿ ಸೌದೆಗೂ ಬರಲ್ಲ.”

ದಿನಾ ನೀರು. ಎರಡು ಬಿಂದಿಗೆ ಬೆಳಿಗ್ಗೆ, ಎರಡು ಸಂಜೆ. ಒಂಬತ್ತು ವರ್ಷ ನಾನೇ ಹಾಕಿದೆ. ಆಮೇಲೆ ನಿನ್ನ ಕೈಯಿಂದ ಹಾಕಿಸಿದೆ. ಗಿಡ ಚೆನ್ನಾಗಿರಲಿ ಅಂತ ಅದರ ಕೆಳಗಿನ ಬಾಗಿಲನ್ನು ಕೊಳೆಸಿದವಳು ನಾನು. ಅಂಚಿಗೆ ಹನಿ ನೀರೂ ಬರುವುದಿಲ್ಲ ಅಂತ ನೀನು ಬರೆದಾಗಲಾದರೂ ನನಗೆ ತಿಳಿಯಬೇಕಿತ್ತು.

ಇನ್ನೂ ಒಂದಿದೆ. ಇದನ್ನು ಯಾರಿಗೂ ಹೇಳಿಲ್ಲ. ನನ್ನ ಗಂಡ ಬದುಕಿದ್ದಷ್ಟು ದಿನ ಅವರಿಗೂ ಹೇಳಲಿಲ್ಲ. ಮುಚ್ಚಳದ ಬಿರುಕುಬಿಟ್ಟ ಹಲಗೆ ಮುರಿದು ಮಗು ಬಿದ್ದ ಅಂತ ಎಲ್ಲರಿಗೂ ಹೇಳಿದೆ. ಯಜಮಾನರು ಅದನ್ನು ರಿಪೇರಿ ಮಾಡಿಸದೆ ತಿಂಗಳಿನಿಂದ ತಳ್ಳಿದ್ದರು, ಹಾಗಾಗಿ ನಂಬಿದರು. ಆದರೆ ಆ ದಿನ ಮುಚ್ಚಳ ಮುರಿಯಲಿಲ್ಲ. ನೀರು ಸೇದಲು ನಾನೇ ತೆಗೆದಿಟ್ಟಿದ್ದೆ. ಹೊರಗೆ ಗಿರಾಕಿ ಬಂದಳು, ರವಿಕೆಯ ಅಳತೆಗೆ. ಹೋದೆ. ತೋಳಿನ ಅಳತೆ ತೆಗೆದೆ, ಬೆನ್ನಿನ ಅಳತೆ ತೆಗೆದೆ. ವಾಪಸು ಬಂದಾಗ ಹಿತ್ತಲು ಸುಮ್ಮನಿತ್ತು.

ಬಾವಿ ಅಂತ ನಿನಗೆ ಬರೆದಿದ್ದರೆ ನೀನು ಯಜಮಾನರನ್ನು ಕೇಳುತ್ತಿದ್ದೆ, ಅವರು ಮುಚ್ಚಳದ ಕಥೆ ಹೇಳುತ್ತಿದ್ದರು, ನೀನು ಮತ್ತೆ ನನ್ನನ್ನು ಕೇಳುತ್ತಿದ್ದೆ. ಆ ಭಯಕ್ಕೆ ಗೆಡ್ಡೆ ಕೊಳೆಯುತ್ತೆ ಅಂದೆ, ಗಾಜಿದೆ ಅಂದೆ.

ಒಂದನೇ ತಾರೀಕು ಯಜಮಾನರು ಬರುತ್ತಾರೆ. ಅಷ್ಟರೊಳಗೆ ತಂತಿ ಮುಟ್ಟುತ್ತದೆ, ಇವತ್ತು ಮಧ್ಯಾಹ್ನವೇ ಮುಟ್ಟುತ್ತದೆ ಅಂದ ಅಂಚೆ ಕಚೇರಿಯವನು. ಮನೆಬಾಗಿಲಿಗೇ ತಂದುಕೊಡುತ್ತಾರಂತೆ.

ಅಯ್ಯೋ. ತಂಗಿ, ಈಗ ಹೊಳೆಯಿತು. ತಂತಿ ತರುವವನೂ ಗೇಟು ತೆಗೆದುಕೊಂಡೇ ಬರಬೇಕು.

ಅಂಚೆ ಕಚೇರಿಗೆ ಹೋಗಿಬಂದೆ. “ಕಳಿಸಿ ಮುಕ್ಕಾಲು ಗಂಟೆ ಆಯ್ತಮ್ಮ, ವಾಪಸ್ ತಗೊಳ್ಳಕ್ಕಾಗಲ್ಲ” ಅಂದ. ಗೇಟು ತೆಗೆಯಬೇಡ, ಹೊರಗಿನಿಂದಲೇ ಕೂಗು ಅಂತ ಹೇಳಿಸಲು ಆಗುತ್ತದೆಯೇ ಅಂದರೆ ತಲೆಯಾಡಿಸಿ ಮುಂದಿನವರನ್ನು ಕರೆದ. ಇನ್ನು ನಾನು ಮಾಡುವುದು ಏನೂ ಇಲ್ಲ. ಈ ಪತ್ರ ಅಂಚೆಗೆ ಹಾಕಿ ಕಾಯುವುದು.

ಗುಬ್ಬಿ ಹೇಗಿದ್ದಾಳೆ? ಅದೊಂದನ್ನು ಬರೆ.


ಆಗಸ್ಟ್ 30

ನಿಮ್ಮನ್ನು ಏನಂತ ಕರೆಯಲಿ ಗೊತ್ತಾಗುತ್ತಿಲ್ಲ.

ಗುಬ್ಬಿ ಬದುಕಿದ್ದಾಳೆ. ಅದನ್ನು ಮೊದಲು ಬರೆಯುತ್ತೇನೆ. ನಿಮ್ಮ ಮೇಲೆ ಎಷ್ಟು ಸಿಟ್ಟಿದ್ದರೂ ಕಾಯಿಸುವಷ್ಟು ಕೆಟ್ಟವಳಲ್ಲ ನಾನು.

ತಂತಿ ನಿನ್ನೆ ಮೂರು ಗಂಟೆಗೆ ಬಂತು. ನಾನು ನಡುಮನೆಯಲ್ಲಿ ಹಾಳೆ ಮಡಿಸುತ್ತಿದ್ದೆ, ಅವಳು ಪಕ್ಕದಲ್ಲಿ ಕೂತು ಅಂಟಿನ ಬಟ್ಟಲಿಗೆ ಬೆರಳು ಅದ್ದುತ್ತಿದ್ದಳು. ಗೇಟು ಕಿರುಗುಟ್ಟಿತು. ನಾನು ತಲೆ ಎತ್ತುವಷ್ಟರಲ್ಲಿ ಅವಳಿಲ್ಲ. ಖಾಕಿ ಅಂಗಿಯ ಮನುಷ್ಯ “ತಂತಿ” ಅಂದ. ಲಾರಿ ಎಲ್ಲೋ ಉರುಳಿದೆ ಅಂತಲೇ ಅಂದುಕೊಂಡೆ. ಸಹಿ ಹಾಕದೆಯೇ ಕಿತ್ತುಕೊಂಡೆ. ಒಡೆದು ಓದಿದೆ. ಲಾರಿಯ ಸುದ್ದಿಯಲ್ಲ. ಬದುಕಿದೆ ಅಂತ ಒಂದು ಉಸಿರು ಬಿಟ್ಟೆ. ಆ ಒಂದು ಉಸಿರು ಬಿಟ್ಟದ್ದಕ್ಕೆ ನನ್ನನ್ನು ನಾನು ಕ್ಷಮಿಸುವುದಿಲ್ಲ. ಆಮೇಲೆ ಮತ್ತೆ ಓದಿದೆ.

ಹಿತ್ತಲಿಗೆ ಓಡಿದೆ. ಎಲೆಗಳು ಅಲ್ಲಾಡುತ್ತಿರಲಿಲ್ಲ. “ಗುಬ್ಬೀ” ಅಂತ ಕೂಗಿದೆ. ಉತ್ತರವಿಲ್ಲ. ಉತ್ತರ ಕೊಡಬಾರದು ಅಂತ ಕಲಿಸಿದವಳು ನಾನೇ. ಯಾವ ಮಾತು ಹೇಳಿದರೆ ಹೊರಗೆ ಬರುತ್ತಾಳೋ ಆ ಮಾತು ನನಗೆ ನೆನಪಾಗಲಿಲ್ಲ, ಅಕ್ಕಾ. ದಿನಾ ಹೇಳುವ ಮಾತು. ಒಳಗೆ ಕಾಲಿಡಲು ಹೋದೆ. ಖಾಕಿಯವನು ನನ್ನ ಹಿಂದೆಯೇ ಬಂದಿದ್ದ. ನನ್ನ ಕೈಯಿಂದ ಬಿದ್ದ ಕಾಗದವನ್ನು ಓದಿದ್ದನಂತೆ. ರಟ್ಟೆ ಹಿಡಿದು ಹಿಂದಕ್ಕೆ ಎಳೆದ. “ನೀವು ಕಾಲಿಟ್ರೆ ಇಬ್ಬರೂ ಹೋಗ್ತೀರಿ. ಹಲಗೆ ಏನಾದ್ರೂ ಇದ್ಯಾ?” ಅಂದ.

ಹೊಲಿದ ಪುಸ್ತಕಗಳನ್ನು ಒತ್ತಿಡುವ ಉದ್ದದ ಹಲಗೆಗಳು ನನ್ನಲ್ಲಿವೆ. ಎರಡು ತಂದೆ. ಅವನು ಅವನ್ನು ಪಾತಿಗೆ ಅಡ್ಡ ಹಾಸಿ, ಮೇಲೆ ಬೋರಲು ಮಲಗಿ ಎಲೆ ಸರಿಸಿದ.

ನಾನು ನಿಮಗೆ ಕಳಿಸಲು ಗೆಡ್ಡೆ ಕತ್ತರಿಸಿದ್ದೆನಲ್ಲ, ಆ ಜಾಗದಲ್ಲಿ ಅವಳು ಕಂಕುಳವರೆಗೆ ಇಳಿದಿದ್ದಳು. ಕೆಳಗೆ ಏನೂ ಇಲ್ಲ. ಸುತ್ತಲಿನ ಗೆಡ್ಡೆ, ಬೇರು, ಹೆಣೆದುಕೊಂಡ ಚಾಪೆ, ಅದು ಅವಳನ್ನು ಎರಡೂ ತೋಳಿನ ಕೆಳಗೆ ಹಿಡಿದುಕೊಂಡಿತ್ತು. ಅವಳು ಒಂದು ಕೈಯಲ್ಲಿ ದಂಟು ಹಿಡಿದಿದ್ದಳು. ಇನ್ನೊಂದು ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು, ಸದ್ದು ಮಾಡಬಾರದಲ್ಲ. ನನ್ನನ್ನು ನೋಡಿ ಬೆರಳ ಸಂದಿಯಿಂದ ಪಿಸುಗುಟ್ಟಿದಳು.

“ಅವ್ರು ಹೋದ್ರಾ ಅಮ್ಮ?”

ನಾನು ಅವನ ಕಾಲು ಹಿಡಿದುಕೊಂಡೆ, ಅವನು ಅವಳನ್ನು ಹಿಡಿದ. ಮಣ್ಣು ಉದುರಿದಂತೆಲ್ಲ ಕೆಳಗಿನಿಂದ ಟುಳುಕ್, ಟುಳುಕ್. ಒಂದು ಚಪ್ಪಲಿಯೂ ಹೋಯಿತು. ಮೇಲೆ ಬಂದ ಮೇಲೆ ಚಪ್ಪಲಿಗಾಗಿ ಅತ್ತಳು. ನಾನು ಹೊಡೆದೆ. ಆಮೇಲೆ ಅಪ್ಪಿಕೊಂಡು ಕೂತೆ. ಆ ಮನುಷ್ಯ ನಲ್ಲಿಯಲ್ಲಿ ಕೈ ತೊಳೆದು, ಬಿದ್ದ ಟೋಪಿ ಹುಡುಕಿಕೊಂಡು, ಹೋಗುವಾಗ ಗೇಟನ್ನು ಎತ್ತಿ ಸದ್ದಾಗದಂತೆ ಮುಚ್ಚಿದ.

ಬಾವಿ ಅಂತ ಬರೆಯಲು ನಿಮಗೆ ಎಷ್ಟು ಶಾಯಿ ಬೇಕಿತ್ತು? ನಾಲ್ಕು ಬಿಂದಿಗೆ ನೀರಿನ ಲೆಕ್ಕ ಬರೆದಿರಿ, ಎಲೆಹುಳದ ವಿಷಯ ಬರೆದಿರಿ. ಮಗು ಇದೆ ಅಂತ ಬರೆಯಲು ನನಗೂ ಶಾಯಿಯ ಬರವಿರಲಿಲ್ಲ, ಬಲ್ಲೆ. ನಿನ್ನೆಯಿಂದ ಅದೇ ಯೋಚನೆ. ಆದರೂ ನೀವು ದೊಡ್ಡವರು.


ಸೆಪ್ಟೆಂಬರ್ 4

ಅಕ್ಕಾ,

ನಿಮ್ಮ ದೊಡ್ಡ ಪತ್ರ ನಿನ್ನೆ ಬಂತು. ನಾನು ಸಿಟ್ಟಿನಲ್ಲಿ ಬರೆದದ್ದು ಅಷ್ಟರಲ್ಲಿ ನಿಮ್ಮ ಕೈ ಸೇರಿರಬಹುದು. ಅದನ್ನು ಹರಿದುಹಾಕಿ ಅನ್ನುವುದಿಲ್ಲ, ಬರೆದದ್ದೆಲ್ಲ ನಿಜ. ಇದನ್ನೂ ಅದರ ಜೊತೆಗೆ ಇಟ್ಟುಕೊಳ್ಳಿ.

ಒಂದನೇ ತಾರೀಕು ಯಜಮಾನರು ಬಂದರು. ಈ ಸಲ ಗುಬ್ಬಿಯನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬಾಗಿಲು ತೆಗೆದೆ. ಗೇಟಿನ ಸದ್ದಿಗೆ ಅವಳು ಇಳಿಯಲು ಒದ್ದಾಡಿದಳು, ಬಿಡಲಿಲ್ಲ. ಬೈಯಲಿ, ಸಾಮಾನು ಬೀದಿಗೆ ಎಸೆಯಲಿ, ಆಗಿದ್ದಾಗಲಿ ಅಂದುಕೊಂಡಿದ್ದೆ. ಅವರು ಮಗುವನ್ನು ನೋಡಿ ಬಿಳಿಚಿಕೊಂಡರು. ಹಿತ್ತಲು ತೋರಿಸಿದೆ. ನೋಡಿ ಅಲ್ಲೇ ನೆಲದ ಮೇಲೆ ಕೂತರು, ಇಸ್ತ್ರಿ ಮಾಡಿದ ಬಟ್ಟೆಯಲ್ಲಿ. “ಆ ಮುಚ್ಚಳ ಆವತ್ತೇ ರಿಪೇರಿ ಮಾಡಿಸಿದ್ರೆ ಆ ಮಗು ಇರ್ತಿತ್ತು. ಒಂಬತ್ತು ವರ್ಷ ಆಯ್ತು, ಒಂದು ದಿನ ನೆಟ್ಟಗೆ ನಿದ್ದೆ ಮಾಡಿಲ್ಲಮ್ಮ” ಅಂದರು. ಆಗ ನಿಮ್ಮ ಪತ್ರ ಬಂದಿರಲಿಲ್ಲ, ಅವರನ್ನು ಸಮಾಧಾನ ಮಾಡಿದೆ. ಈಗ ಗೊತ್ತಾಗಿದೆ. ಆದರೂ ನಾನು ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ನೀವು.

ನಮ್ಮನ್ನು ಬಿಡಿಸುವುದಿಲ್ಲವಂತೆ. ಬಾವಿಯನ್ನು ತಳದಿಂದ ತುಂಬಿಸುತ್ತಾರಂತೆ. ಆದರೆ ಆವತ್ತು ನಿಮಗೆ ಮಾತು ಕೊಟ್ಟಿದ್ದರಂತೆ, ನೀವು ಹೂಂ ಅಂದ ಮೇಲೇ ಅಂತ ಹಟ ಹಿಡಿದಿದ್ದಾರೆ. ಸದ್ಯಕ್ಕೆ ಸುತ್ತ ತಂತಿ ಬೇಲಿ ಹಾಕಿಸಿದ್ದಾರೆ, ಅಡಿಗೆಮನೆಯ ಹಿಂಬಾಗಿಲಿಗೆ ಬೀಗ. ಬೀಗದ ಕೈ ನನ್ನ ಕೊರಳಲ್ಲಿದೆ. ಆದರೂ ಹತ್ತು ನಿಮಿಷಕ್ಕೊಂದು ಸಲ ಎದ್ದು ನೋಡಿ ಬರುತ್ತೇನೆ. ಹೊಲಿಗೆ ಸಾಗುತ್ತಿಲ್ಲ. ಗುಬ್ಬಿ ಸದ್ದು ಮಾಡುತ್ತಿದ್ದರೆ ಸುಮ್ಮನಿರು ಅನ್ನುತ್ತಿದ್ದವಳು ನಾನು, ಈಗ ಅವಳು ಸುಮ್ಮನಾದರೆ ಜೀವ ಬಾಯಿಗೆ ಬರುತ್ತದೆ. ನಿಮ್ಮ ಹಿತ್ತಲು ಸುಮ್ಮನಿತ್ತು ಅಂತ ಬರೆದಿದ್ದಿರಲ್ಲ. ಒಂಬತ್ತು ವರ್ಷ ಇದನ್ನು ಹೇಗೆ ಹೊತ್ತಿರಿ?

ನೀರು ಹಾಕುವುದನ್ನು ನಿಲ್ಲಿಸಿದ್ದೇನೆ. ಕಾಬಾಳೆಗೆ ಇನ್ನೂ ಗೊತ್ತಾಗಿಲ್ಲ. ನಿನ್ನೆ ಹೊಸ ಹೂ ಬಿಟ್ಟಿದೆ.

ಏನು ಹೇಳಲಿ ಅವರಿಗೆ?

ತಂಗಿ


ಸೆಪ್ಟೆಂಬರ್ 10

ತಂಗಿ,

ನಿನ್ನ ಎರಡೂ ಪತ್ರ ಬಂದವು. ಆಗಸ್ಟ್ 30ರದ್ದು ಮೂರನೇ ತಾರೀಕು ಬಂತು. ಐದು ದಿನ ನಾನು ಒಂದು ಕಾಜಾ ಹೊಲಿದಿಲ್ಲ. ಲಕೋಟೆ ಒಡೆಯಲು ಧೈರ್ಯ ಸಾಲದೆ ತಮ್ಮನ ಕೈಗೆ ಕೊಟ್ಟೆ. ಅವನು ಮೊದಲ ಸಾಲುಗಳನ್ನು ಓದಿ ನನ್ನ ಮುಖ ನೋಡಿ “ಇದಾಳಂತೆ ಅಕ್ಕಾ” ಅಂದ. ಯಾರು ಅಂತ ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಅವನಿಗೂ ಎಲ್ಲ ಹೇಳಿದೆ.

ಯಜಮಾನರಿಗೆ ನಿನ್ನೆ ಪತ್ರ ಹಾಕಿದ್ದೇನೆ. ಆವತ್ತು ಮುಚ್ಚಳ ಮುರಿಯಲಿಲ್ಲ, ನಾನೇ ತೆಗೆದಿಟ್ಟಿದ್ದೆ ಅಂತ ಬರೆದೆ. ಕ್ಷಮಿಸಿ ಅಂತ ಬರೆಯಲು ಹೋಗಿ ಹೊಡೆದುಹಾಕಿದೆ, ಒಂಬತ್ತು ವರ್ಷದ ನಿದ್ದೆಗೆ ಆ ಮಾತು ಸಾಲದು. ಅವರು ಬಂದು ನನ್ನ ಮುಖಕ್ಕೆ ಉಗಿದರೂ ಸರಿ. ಭಯವಾಗುತ್ತಿದೆ. ಆದರೆ ಇದು ಬೇರೆ ಭಯ, ಇದಕ್ಕೆ ಒಂದು ಕೊನೆ ಇದೆ.

ನಿನ್ನ ಪಾರ್ಸೆಲ್ ನಿಧಾನಕ್ಕೆ ಏಳನೇ ತಾರೀಕು ಬಂತು. ಎರಡು ದಿನ ಮೂಲೆಯಲ್ಲಿಟ್ಟು ಅದರ ಕಡೆ ನೋಡಲಿಲ್ಲ. ಆ ಬಾಗಿಲ ಮೇಲೆ ಮಲಗಿದ್ದ ಗೆಡ್ಡೆ. ಅದನ್ನು ಕಿತ್ತದ್ದಕ್ಕೇ ಮಗು ಇಳಿಯಿತು, ಕೀಳದೆ ಉಳಿದದ್ದೇ ಅವಳನ್ನು ಹಿಡಿಯಿತು. ಎಸೆಯಲೋ ಇಟ್ಟುಕೊಳ್ಳಲೋ ತಿಳಿಯಲಿಲ್ಲ. ನಿನ್ನೆ ಬಿಚ್ಚಿದರೆ ಕತ್ತಲಲ್ಲಿ, ಕಾಗದದೊಳಗೆ, ಬೆರಳುದ್ದ ಬಿಳಿ ಮೊಳಕೆ ಬಂದಿದೆ. ಅಂಗಡಿಯ ತೂತು ಬಕೆಟ್ಟಿಗೆ ಮಣ್ಣು ತುಂಬಿ ನೆಟ್ಟಿದ್ದೇನೆ. ಕಿಟಕಿಯಲ್ಲಿದೆ. ಕೈಯಲ್ಲಿ ಚೊಂಬು ಹಿಡಿದು ಬಹಳ ಹೊತ್ತು ನಿಂತೆ. ಆಮೇಲೆ ಹಾಕಿದೆ. ಕೆಳಗಿನ ತೂತಿನಿಂದ ನೀರು ಹೊರಗೆ ಬರುವವರೆಗೆ ಬಗ್ಗಿ ನೋಡಿದೆ.

ಬಾವಿ ತುಂಬಿಸಲಿ. ಹೂಂ ಅಂದೆ ಅಂತ ಹೇಳು. ಕಲ್ಲು, ಮಣ್ಣು, ಏನು ಬೇಕೋ ಹಾಕಲಿ, ತಳದಿಂದ ಮೇಲಿನವರೆಗೆ. ಮೇಲೆ ಏನೂ ನೆಡುವುದು ಬೇಡ, ನೆಲ ಕಾಣಿಸಲಿ. ಆ ಕಾಬಾಳೆಯನ್ನು ಕಿತ್ತು, ಮಾಲಿ ತಾತ ಹೇಳಿದ ಹಾಗೆ ದೂರ ದೂರ, ಗೇಟಿನ ಪಕ್ಕ ಬಿಸಿಲಿಗೆ ನೆಡು. ಹೂ ದೊಡ್ಡದಾಗುತ್ತದೆ. ಗೇಟಿಗೆ ಎಣ್ಣೆ ಹಾಕಿಸು.

ಅವರ ಹತ್ತಿರ ಒಂದು ಮಾತು ಕೇಳು, ಹುಚ್ಚಿ ಅಂದುಕೊಂಡರೂ ಪರವಾಗಿಲ್ಲ. ಮೊದಲನೇ ಬುಟ್ಟಿ ಮಣ್ಣನ್ನು ಮೇಲಿನಿಂದ ಎಸೆಯುವುದು ಬೇಡ. ಹಗ್ಗ ಕಟ್ಟಿ, ನಿಧಾನಕ್ಕೆ ಕೆಳಗಿಳಿಸಲಿ. ಅದೊಂದು ಬುಟ್ಟಿ. ಮಿಕ್ಕಿದ್ದು ಹೇಗಾದರೂ ಸುರಿಯಲಿ.

ಗುಬ್ಬಿಗೆ ಒಂದು ಜೊತೆ ಚಪ್ಪಲಿ ಕಳಿಸುತ್ತಿದ್ದೇನೆ. ಅಳತೆ ಗೊತ್ತಿರಲಿಲ್ಲ. ಐದು ವರ್ಷದ ಕಾಲಿನ ಅಳತೆ ನನಗೆ ನೆನಪಿದೆ, ಅದೇ ಕೊಟ್ಟೆ. ಈಗ ದೊಡ್ಡದಾಗುತ್ತದೆ. ಇಟ್ಟಿರು, ಮುಂದಿನ ವರ್ಷ ಹಾಕಿಕೊಳ್ಳಲಿ.

ನಿನ್ನ ಅಕ್ಕ